ಅಮ್ಮನ ಹರಕೆ ಸೀರೆ ಕೊಡಲು ಶಿವಾಜಿನಗರದ ಸೇಂಟ್ ಮೇರಿಸ್‌ಗೆ ಹೋಗಬೇಕು. ಪೂಜೆ ನಡೆಯುವಾಗ ಒಳಗೆ ಕೂರಬಹುದಾ?

ಶ್ರೀಲತಾ, ಕೋಲಾರ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ಬಗ್ಗೆ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ನನ್ನ ತಮ್ಮ ಎಳೆಗೂಸಾಗಿದ್ದಾಗ ಜ್ವರ ಬಂದು ಇಳಿಯಲೇ ಇಲ್ಲವಂತೆ. ಆಗ ನಮ್ಮ ವಠಾರದಲ್ಲಿ ಕೆಜಿಎಫ್ ಕಡೆಯ ಒಬ್ಬ ಕ್ರಿಶ್ಚಿಯನ್ ಅಕ್ಕ ಇದ್ದರು. ಅವರು ಜಪಸರ ಹಿಡಿದು ರಾತ್ರಿಯೆಲ್ಲ ಅಮ್ಮನ ಪಕ್ಕದಲ್ಲೇ ಕೂತಿದ್ದರು. "ಶಿವಾಜಿನಗರದ ಮಾತೆಗೆ ಒಂದು ಸೀರೆ ಕೊಡ್ತೀನಿ ಅಂತ ಬೇಡಿಕೋ" ಅಂದರಂತೆ. ಅಮ್ಮ ಬೇಡಿಕೊಂಡರು. ಮಗು ಉಳಿಯಿತು. ಇವತ್ತು ಅವನು ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅವನಿಗೇ ಮಕ್ಕಳಾಗಿವೆ.

ಹರಕೆ ಮಾತ್ರ ಹಾಗೇ ಉಳಿಯಿತು. ಅಪ್ಪನಿಗೆ ಇಷ್ಟ ಇರಲಿಲ್ಲ. ಆಮೇಲೆ ಮನೆ, ಮದುವೆ, ಸಾಲ ಅಂತ ಕಾಲ ಹೋಯಿತು. ಈಗ ಅಪ್ಪ ಇಲ್ಲ. ಅಮ್ಮ ತಾವೇ ಒಂದು ಸೀರೆ ಆರಿಸಿ, ಬ್ಲೌಸ್ ಪೀಸ್ ಜೊತೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ತಿಳಿ ನೀಲಿ ಬಣ್ಣದ್ದು. ಶುಕ್ರವಾರ ಕೋಲಾರಮ್ಮನ ಗುಡಿಗೆ ಹೋಗಿ ಬಂದಾಗಲೆಲ್ಲ "ಅಲ್ಲಿದು ಬಾಕಿ ಇದೆ ಕಣೇ" ಅನ್ನುತ್ತಾರೆ. ಕೇಳಿ ಕೇಳಿ ನನಗೂ ನಿದ್ದೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಯಾರೂ ಚರ್ಚಿನ ಒಳಗೆ ಪೂಜೆಗೆ ಕೂತವರಲ್ಲ. ಹಿಂದೆ ಒಮ್ಮೆ ಬೇರೆ ಊರಿನ ಒಂದು ಚರ್ಚಿನಲ್ಲಿ ಗೇಟಿನ ಹತ್ತಿರ ಇದ್ದವರು "ಈಗ ಪೂಜೆ ಇದೆ, ನೋಡೋಕೆ ಆಮೇಲೆ ಬನ್ನಿ" ಎಂದು ನಿಲ್ಲಿಸಿಬಿಟ್ಟರು. ಅಮ್ಮನಿಗೆ ಅದು ಮನಸ್ಸಿಗೆ ತುಂಬಾ ನಾಟಿದೆ. "ನಾವು ಹೋದರೆ ಅವರಿಗೆ ತೊಂದರೆ ಆಗುತ್ತಾ?" ಎಂದು ಕೇಳುತ್ತಲೇ ಇರುತ್ತಾರೆ.

ಸೀರೆ ಯಾರ ಕೈಗೆ ಕೊಡಬೇಕು? ಯಾವ ದಿನ ಒಳ್ಳೆಯದು? ಚಪ್ಪಲಿ ಎಲ್ಲಿ ಬಿಡುವುದು? ಪೂಜೆ ನಡೆಯುವಾಗ ಕೂರಬಹುದಾ, ಕೊನೆಗೆ ಪ್ರಸಾದ ತೆಗೆದುಕೊಳ್ಳಬಹುದಾ? ಅಮ್ಮನಿಗೆ ಮಂಡಿ ನೋವು ಜಾಸ್ತಿ. ನೆಲದ ಮೇಲೆ ಕೂರಲಾರರು, ಹೊತ್ತು ನಿಲ್ಲಲಾರರು. ತಿಳಿದವರು ಹೇಳಿ.

ಪ್ರವೀಣ್, ರಾಬರ್ಟ್‌ಸನ್‌ಪೇಟೆ

ಅಕ್ಕ, ಹೋಗುವುದಾದರೆ ಸೆಪ್ಟೆಂಬರ್ 8ಕ್ಕೆ ಹೋಗಿ. ಮಾತೆ ಮರಿಯಮ್ಮನವರು ಹುಟ್ಟಿದ ಹಬ್ಬ ಅದು. ಆಗಸ್ಟ್ 29ಕ್ಕೆ ಬಾವುಟ ಏರಿಸುತ್ತಾರೆ. ಅಲ್ಲಿಂದ ದಿನಾ ನೊವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ಹಬ್ಬದ ಸಾಯಂಕಾಲ ತೇರು. ಕಾವಿ ಬಟ್ಟೆ ಹಾಕಿಕೊಂಡು ವ್ರತ ಹಿಡಿದವರು ಸಾವಿರಾರು ಜನ ಬರುತ್ತಾರೆ. ಎಲ್ಲ ಜಾತಿಯವರೂ ಇರುತ್ತಾರೆ, ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ನಮ್ಮ ಕೆಜಿಎಫ್‌ನಿಂದ ಮನೆ ಮನೆಯವರೇ ಹೊರಡುತ್ತೇವೆ. ಮಾರಿಕುಪ್ಪಂ ರೈಲು ಹತ್ತಿ ಕಂಟೋನ್ಮೆಂಟ್‌ನಲ್ಲಿ ಇಳಿದರೆ ಅಲ್ಲಿಂದ ಚರ್ಚು ಹತ್ತಿರ. ಕೋಲಾರದವರಿಗೆ ಬಂಗಾರಪೇಟೆಗೆ ಬಂದರೆ ರೈಲು ಸಿಗುತ್ತದೆ. ನನ್ನ ತಾತ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸ ಮಾಡಿದವರು. ಗಣಿಗೆ ಇಳಿಯುವ ಮುಂಚೆ ಮಾತೆಗೆ ಕೈ ಮುಗಿಯದೆ ಇಳಿದವರಲ್ಲ. 2001ರಲ್ಲಿ ಗಣಿ ಮುಚ್ಚಿತು. ಹಬ್ಬಕ್ಕೆ ಹೋಗುವುದನ್ನು ಮಾತ್ರ ನಮ್ಮ ಮನೆಯವರು ನಿಲ್ಲಿಸಲಿಲ್ಲ.

ರಮೇಶ್, ಮುಳಬಾಗಿಲು

ನಾನು ಹಳೇ ಕಟ್ಟಡ ನೋಡುವ ಹುಚ್ಚಿನವನು. ಈ ಚರ್ಚು ನನಗೆ ಬಹಳ ಇಷ್ಟ. ನನ್ನ ಸಲಹೆ ಬೇರೆ. ವಾರದ ದಿನ, ಪೂಜೆ ಇಲ್ಲದ ಹೊತ್ತು ನೋಡಿ ಹೋಗಿ. ಆಗ ಜನ ಕಡಿಮೆ. ಬಣ್ಣದ ಗಾಜಿನಿಂದ ಬೆಳಕು ಬೀಳುವುದನ್ನು ನೆಮ್ಮದಿಯಾಗಿ ನೋಡಬಹುದು.

ಅಲ್ಲಿ ಮೊದಲು ಇದ್ದದ್ದು ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನಾ ಮಂದಿರ. ಕಾಣಿಕೆ ಮಾತೆಯ ಮಂದಿರ ಎನ್ನುತ್ತಿದ್ದರು. ತಮಿಳುನಾಡಿನ ಜಿಂಜಿ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು ಅಲ್ಲಿ ಸೇರುತ್ತಿದ್ದರು. ಅವರಿಗೆ ಪೂಜೆ ಮಾಡಿಸಿದವರಲ್ಲಿ ಫ್ರಾನ್ಸಿನ ಪಾದ್ರಿ ಅಬೆ ದ್ಯುಬುವಾ ಒಬ್ಬರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಸೇರಿಸಿದವರು ಇವರು. ನಮ್ಮ ಜನರ ಹಾಗೇ ಬಟ್ಟೆ ಹಾಕಿಕೊಂಡು, ಇಲ್ಲಿಯ ಊಟ ಮಾಡಿಕೊಂಡು ಬದುಕಿದರು. ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ತಿರುಗಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದೇ ಕರೆಯುತ್ತಿದ್ದರು. 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು.

ಈಗಿನ ಕಟ್ಟಡ 1875ರಿಂದ 1882ರ ನಡುವೆ ಎದ್ದದ್ದು. ಅಭಿಷೇಕ ಆದದ್ದು 1882ರ ಸೆಪ್ಟೆಂಬರ್ 8, ಮಾತೆಯ ಹಬ್ಬದ ದಿನವೇ. ಗೋಪುರದ ಎತ್ತರ 160 ಅಡಿ. ಎರಡನೇ ಮಹಾಯುದ್ಧ ನಡೆಯುವಾಗ ಕಿಟಕಿಗಳ ಬಣ್ಣದ ಗಾಜನ್ನು ಬಿಚ್ಚಿ ಜೋಪಾನ ಮಾಡಿದ್ದರು. 1947ರಲ್ಲಿ ಮತ್ತೆ ಕೂರಿಸಿದರು. ಒಳಗೆ ಹೋದ ಕೂಡಲೇ ತಲೆ ಎತ್ತಿ ನೋಡಿ. ಚೂಪು ಕಮಾನುಗಳು ಕಂಬದಿಂದ ಕಂಬಕ್ಕೆ ಹೋಗುತ್ತವೆ. ಎಷ್ಟು ಜನ ತುಂಬಿದ್ದರೂ ಮೇಲೆ ಅಷ್ಟೊಂದು ಖಾಲಿ ಜಾಗ ಇರುತ್ತದೆ. ಬೆಸಿಲಿಕಾ ಎಂಬ ಗೌರವ 1970ರ ದಶಕದಲ್ಲಿ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಮೊದಲು ಸಿಕ್ಕಿದ್ದು ಇದಕ್ಕೇ. ಕಾರ್ಕಳದ ಅತ್ತೂರು ಚರ್ಚು ಬೆಸಿಲಿಕಾ ಆದದ್ದು 2016ರಲ್ಲಿ.

ಲೀಲಾ ಟೀಚರ್, ಬಂಗಾರಪೇಟೆ

ಶ್ರೀಲತಾ, ನಿಮ್ಮ ಪ್ರಶ್ನೆ ಓದಿ ತಡೆಯಲಾಗಲಿಲ್ಲ, ಬರೆಯುತ್ತಿದ್ದೇನೆ. ನಾನು ಶಿವಾಜಿನಗರದಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಆ ಚರ್ಚಿನ ಕನ್ನಡ ಪೂಜೆಯಲ್ಲಿ ವಾಚನ ಓದಿದ್ದೇನೆ, ಹಬ್ಬದಲ್ಲಿ ವಯಸ್ಸಾದವರನ್ನು ಕೂರಿಸುವ ಸೇವೆ ಮಾಡಿದ್ದೇನೆ. ನಿವೃತ್ತಿಯಾದ ಮೇಲೆ ಊರಿಗೆ ಬಂದೆ. ಈಗಲೂ ಆಗಾಗ ಹೋಗುತ್ತೇನೆ.

ಮೊದಲು ಅಮ್ಮನಿಗೆ ಹೇಳಿ, ನೀವು ಹೋದರೆ ಯಾರಿಗೂ ತೊಂದರೆ ಇಲ್ಲ. ಆ ಚರ್ಚಿನ ಬೆಂಚುಗಳಲ್ಲಿ ದಿನವೂ ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು ಬಂದು ಕೂರುತ್ತಾರೆ. ಹಣೆಯ ಕುಂಕುಮ ಅಳಿಸಿಕೊಂಡು ಬರುವುದು ಬೇಡ. ಹೂ ಮುಡಿದುಕೊಂಡೇ ಬರಲಿ.

ಆದರೆ ರಮೇಶ್ ಹೇಳಿದ ಹಾಗೆ ಪೂಜೆ ಇಲ್ಲದ ಹೊತ್ತಲ್ಲಿ ಹೋಗಿ ಸೀರೆ ಕೊಟ್ಟು ಬಂದುಬಿಡಬೇಡಿ. ಕಟ್ಟಡ ನೋಡಲು ಹೋಗುವವರಿಗೆ ಅದು ಸರಿ. ನಿಮ್ಮ ಅಮ್ಮ ಹೋಗುತ್ತಿರುವುದು ಕಟ್ಟಡ ನೋಡಲು ಅಲ್ಲ, ಅಲ್ವಾ? ಇಷ್ಟು ವರ್ಷ ಮನಸ್ಸಲ್ಲಿ ಹೊತ್ತುಕೊಂಡದ್ದನ್ನು ಒಂದು ಮೇಜಿನ ಮೇಲೆ ಇಟ್ಟು ಐದು ನಿಮಿಷದಲ್ಲಿ ಹೊರಗೆ ಬಂದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಆ ರಾತ್ರಿ ಅವರ ಪಕ್ಕದಲ್ಲಿ ಕೂತ ಆ ಅಕ್ಕ ಭಾನುವಾರ ಭಾನುವಾರ ಏನು ಕೇಳುತ್ತಿದ್ದರು, ಯಾವ ಹಾಡು ಹಾಡುತ್ತಿದ್ದರು, ಯಾರ ಮಧ್ಯೆ ಮೊಣಕಾಲೂರುತ್ತಿದ್ದರು, ಅದನ್ನು ಅಮ್ಮ ಒಂದು ಸಲ ನೋಡಲಿ. ಪೂರ್ತಿ ಒಂದು ಪೂಜೆ ಕೂರಲಿ. ಸುಮಾರು ಒಂದು ಗಂಟೆ.

ಪ್ರವೀಣ, ನಿನ್ನ ಭಕ್ತಿ ದೊಡ್ಡದು ಮಗು. ಆದರೆ ಸೆಪ್ಟೆಂಬರ್ 8ಕ್ಕೆ ಮಂಡಿ ನೋವಿನವರನ್ನು ಕಳಿಸಬೇಡ. ಆ ದಿನ ರಸ್ತೆ ಮುಚ್ಚಿರುತ್ತಾರೆ, ಆಟೊ ಹತ್ತಿರ ಬರುವುದಿಲ್ಲ. ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬದ ನೂಕುನುಗ್ಗಲಲ್ಲಿ ಬವಳಿ ಬಂದ ಅಜ್ಜಿಯರನ್ನು ನಾನೇ ಎತ್ತಿ ಹೊರಗೆ ಕೂರಿಸಿದ್ದೇನೆ. ನೊವೇನದ ದಿನಗಳೂ ಹಾಗೆಯೇ. ಶನಿವಾರ ಮಾತೆಗೆ ವಿಶೇಷ ದಿನ, ಅವತ್ತೂ ಜನ ಜಾಸ್ತಿ. ಗುಡ್ ಫ್ರೈಡೆ ಬೇಡವೇ ಬೇಡ. ಅದು ಶೋಕದ ದಿನ, ವರ್ಷದಲ್ಲಿ ಆ ದಿನ ಪೂಜೆಯೇ ಇರುವುದಿಲ್ಲ. ಯೇಸುವಿನ ಪಾಡು ನೆನೆಯುವ ಪ್ರಾರ್ಥನೆ ಮಾತ್ರ.

ಯಾವುದಾದರೂ ಸಾಮಾನ್ಯ ಭಾನುವಾರ ಕನ್ನಡ ಪೂಜೆಗೆ ಹೋಗಿ. ಅಲ್ಲಿ ತಮಿಳು, ಇಂಗ್ಲಿಷ್, ಕನ್ನಡ ಮೂರರಲ್ಲೂ ಪೂಜೆ ಇರುತ್ತದೆ. ಯಾವ ಹೊತ್ತಿಗೆ ಯಾವ ಭಾಷೆ ಎಂದು ಬೋರ್ಡ್ ಹಾಕಿರುತ್ತಾರೆ. ಹೊರಡುವ ಮುಂಚೆ ಚರ್ಚಿನ ಆಫೀಸಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಅಮ್ಮನಿಗೆ ಅರ್ಥ ಆಗುವ ಮಾತಲ್ಲೇ ಕೂರುವುದು ಮುಖ್ಯ. ನನ್ನ ತಾಯಿಯ ಕಾಲದಲ್ಲಿ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಅರ್ಥ ಗೊತ್ತಿಲ್ಲದೆ ಉತ್ತರಗಳನ್ನು ಬಾಯಿಪಾಠ ಮಾಡಿದ್ದರು. 1962ರಿಂದ 1965ರವರೆಗೆ ನಡೆದ ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆಯ ಮೇಲೆಯೇ ಜನರ ಮಾತಿನಲ್ಲಿ ಪೂಜೆ ಶುರುವಾದದ್ದು. "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಎಂದು ಪೂಜೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಹೇಳಿದ ದಿನ ಅತ್ತುಬಿಟ್ಟೆ ಎಂದು ನನ್ನ ತಾಯಿ ಹೇಳುತ್ತಿದ್ದರು.

ಸ್ವಲ್ಪ ಮುಂಚೆ ತಲುಪಿ. ಬಾಗಿಲ ಹತ್ತಿರ ಪವಿತ್ರ ನೀರು ಇಟ್ಟಿರುತ್ತಾರೆ. ನಾವು ಬೆರಳು ಅದ್ದಿ ಶಿಲುಬೆ ಗುರುತು ಮಾಡಿಕೊಳ್ಳುತ್ತೇವೆ. ಅದು ಕುಡಿಯುವ ತೀರ್ಥ ಅಲ್ಲ. ನೀವು ಮುಟ್ಟಿ ಕಣ್ಣಿಗೊತ್ತಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ, ಹಾಗೇ ಮುಂದೆ ಹೋದರೂ ಸರಿ. ಚಪ್ಪಲಿ ಹಾಕಿಕೊಂಡೇ ಬೆಂಚಲ್ಲಿ ಕೂರುವವರು ಇದ್ದಾರೆ. ಮಾತೆಯ ಮುಂದೆ ಹೋಗುವಾಗ ಬಿಡುವವರೂ ಇದ್ದಾರೆ. ಜನ ಎಲ್ಲಿ ಬಿಟ್ಟಿದ್ದಾರೋ ಅಲ್ಲಿ ಬಿಡಿ. ಅಮ್ಮನಿಗೆ ಬರಿಗಾಲಲ್ಲಿ ನಡೆಯುವುದೇ ಮನಸ್ಸಿಗೆ ಹಿತ ಅನ್ನಿಸಿದರೆ ಹಾಗೇ ನಡೆಯಲಿ.

ನೆಲದ ಮೇಲೆ ಕೂರುವ ಚಿಂತೆ ಬೇಡ. ಬೆಂಚುಗಳಿವೆ. ಮಧ್ಯದ ಸಾಲುಗಳಲ್ಲಿ, ಅಂಚಿಗೆ ಕೂರಿಸಿ. ತೀರಾ ಮುಂದೆ ಕೂತರೆ ಯಾವಾಗ ಏಳಬೇಕು, ಯಾವಾಗ ಕೂರಬೇಕು ಗೊತ್ತಾಗುವುದಿಲ್ಲ. ಮುಂದೆ ಜನ ಇದ್ದರೆ ಅವರನ್ನು ನೋಡಿಕೊಂಡು ಮಾಡಬಹುದು. ಅಮ್ಮ ಪೂರ್ತಿ ಕೂತೇ ಇರಲಿ. ವಯಸ್ಸಾದವರು, ಕಾಯಿಲೆಯವರು ನಮ್ಮಲ್ಲೂ ಕೂತೇ ಇರುತ್ತಾರೆ. ಬೆಂಚಿನ ಕೆಳಗೆ ಒಂದು ಉದ್ದ ಹಲಗೆ ಇರುತ್ತದೆ. ಅದು ಮೊಣಕಾಲೂರಲು ಇರುವುದು. ಹೊಸಬರು ಗೊತ್ತಿಲ್ಲದೆ ಅದರ ಮೇಲೆ ಕಾಲು ಇಟ್ಟು ಕೂರುತ್ತಾರೆ. ದಯವಿಟ್ಟು ಇಡಬೇಡಿ.

ಪೂಜೆ ಹೇಗೆ ನಡೆಯುತ್ತದೆ ಎಂದು ಅಮ್ಮನಿಗೆ ಮೊದಲೇ ಹೇಳಿಡಿ. ಆಗ ಗಾಬರಿ ಇರುವುದಿಲ್ಲ. ಶುರುವಿನಲ್ಲಿ ಹಾಡು. ಆಮೇಲೆ ನಾವು ಮಾಡಿದ ತಪ್ಪುಗಳಿಗೆ ದೇವರಲ್ಲಿ ಕ್ಷಮೆ ಕೇಳುತ್ತೇವೆ. ಬೈಬಲ್‌ನಿಂದ ವಾಚನಗಳು, ನಡುವೆ ಕೀರ್ತನೆ. ಯೇಸುವಿನ ಜೀವನ ಹೇಳುವ ಶುಭಸಂದೇಶ ಓದುವಾಗ ಎಲ್ಲರೂ ನಿಲ್ಲುತ್ತಾರೆ. ಅದಾದ ಮೇಲೆ ಫಾದರ್ ಪ್ರಬೋಧನೆ ಮಾಡುತ್ತಾರೆ, ಆಗ ಕೂರುವುದು. ಕಾಣಿಕೆ ಚೀಲ ಬರುತ್ತದೆ. ಹಾಕಲೇಬೇಕು ಅಂತಿಲ್ಲ. ಗಂಟೆ ಬಾರಿಸಿ ಎಲ್ಲರೂ ಮೊಣಕಾಲೂರುವ ಹೊತ್ತು ಬರುತ್ತದೆ. ಅದು ನಮಗೆ ಇಡೀ ಪೂಜೆಯಲ್ಲೇ ದೊಡ್ಡ ಗಳಿಗೆ. ಆಗ ಮಾತಾಡುವುದು, ಓಡಾಡುವುದು ಬೇಡ. ಆಮೇಲೆ ಅಕ್ಕಪಕ್ಕದವರು ಕೈ ಮುಗಿದು ಶಾಂತಿ ಹೇಳುತ್ತಾರೆ. ಗುರುತಿಲ್ಲದವರು ತಮ್ಮ ಕಡೆ ತಿರುಗಿ ಕೈ ಮುಗಿದರೆ ಅಮ್ಮ ಆಶ್ಚರ್ಯ ಪಡಬಹುದು. ಅವರೂ ಕೈ ಮುಗಿಯಲಿ, ಅಷ್ಟೇ.

ಇನ್ನು ನೀವು ಕೇಳಿದ ಪ್ರಸಾದ. ಇದನ್ನು ಬಿಚ್ಚಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೊನೆಯಲ್ಲಿ ಜನ ಸಾಲಾಗಿ ಹೋಗಿ ಬಿಳಿ ರೊಟ್ಟಿಯ ಸಣ್ಣ ಬಿಲ್ಲೆ ತೆಗೆದುಕೊಳ್ಳುತ್ತಾರೆ. ಅದು ಪರಮಪ್ರಸಾದ. ಅದರಲ್ಲಿ ಯೇಸುವೇ ಇದ್ದಾರೆ ಎಂಬುದು ನಮ್ಮ ನಂಬಿಕೆ. ದೀಕ್ಷಾಸ್ನಾನ ಪಡೆದು, ಕಲಿತು, ಸಿದ್ಧರಾದ ಕಥೋಲಿಕರು ಮಾತ್ರ ತೆಗೆದುಕೊಳ್ಳುತ್ತಾರೆ. ನಮ್ಮ ಮಕ್ಕಳಿಗೂ ಸಣ್ಣವರಿರುವಾಗ ಕೊಡುವುದಿಲ್ಲ. ಆ ಸಾಲಿಗೆ ನೀವು ಹೋಗಬೇಡಿ. ಭಕ್ತಿಯಿಂದಲೇ ತೆಗೆದುಕೊಂಡು ಮನೆಯವರಿಗೆ ಎಂದು ಕರ್ಚೀಫಲ್ಲಿ ಕಟ್ಟಿಕೊಂಡವರನ್ನು ನಾನು ನೋಡಿದ್ದೇನೆ. ಅವರ ಮನಸ್ಸು ಒಳ್ಳೆಯದೇ. ಆದರೆ ನೋಡಿದ ನಮಗೆ ಕರುಳು ಹಿಂಡುತ್ತದೆ. ಪಕ್ಕದವರು ದಾಟಿ ಹೋಗಲು ಸ್ವಲ್ಪ ಕಾಲು ಸರಿಸಿ ದಾರಿ ಬಿಡಿ, ಕಣ್ಣು ಮುಚ್ಚಿ ಕೂತಿರಿ. ನೀವೊಬ್ಬರೇ ಕೂತಿರುತ್ತೀರಿ ಅನ್ನಿಸುವುದಿಲ್ಲ, ನಮ್ಮವರಲ್ಲೇ ಎಷ್ಟೋ ಜನ ಅವತ್ತು ತೆಗೆದುಕೊಳ್ಳದೆ ಕೂತಿರುತ್ತಾರೆ.

ಪೂಜೆ ಮುಗಿದ ಮೇಲೆ ಮಾತೆಯ ಹತ್ತಿರ ಹೋಗಿ. ಮಾತೆಗೆ ಸೀರೆ ಉಡಿಸಿರುತ್ತಾರೆ. ನಿಮ್ಮ ಅಮ್ಮನಿಗೆ ಅದನ್ನು ನೋಡಿದ ಕೂಡಲೇ ಹೊಸ ಜಾಗ ಅನ್ನಿಸುವುದಿಲ್ಲ ನೋಡಿ. ಸೀರೆಯನ್ನು ನೇರವಾಗಿ ಪ್ರತಿಮೆಯ ಮೇಲೆ ಹಾಕಲು ಹೋಗಬೇಡಿ. ಆಫೀಸಿನಲ್ಲಿ ಹೇಳಿ, ಅವರು ತೋರಿಸಿದ ಕಡೆ ಕೊಡಿ. ಕೊಡುವ ಮುಂಚೆ ಅಮ್ಮ ಅದನ್ನು ಕೈಯಲ್ಲಿ ಹಿಡಿದು ಮಾತೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಯಾರೂ ಅವಸರ ಮಾಡುವುದಿಲ್ಲ. ಮೇಣದಬತ್ತಿ ಹಚ್ಚುವ ಜಾಗ ಬೇರೆ ಇದೆ, ಅಲ್ಲೇ ಹಚ್ಚಿ. ಹೂವಿನ ಹಾರ, ಮೇಣದಬತ್ತಿ ಚರ್ಚಿನ ಹತ್ತಿರವೇ ಮಾರುತ್ತಾರೆ.

ಇನ್ನೊಂದು ಮಾತು. ಅಮ್ಮ ಇಷ್ಟಪಟ್ಟರೆ ಒಂದು ಪೂಜೆ ಕೊಡಿಸಬಹುದು. ಆಫೀಸಿನಲ್ಲಿ ಹೆಸರು ಬರೆಸಿ, ಕೃತಜ್ಞತೆಗೆ ಎಂದು ಹೇಳಿದರೆ ಫಾದರ್ ಆ ಉದ್ದೇಶಕ್ಕೆ ಪೂಜೆ ಅರ್ಪಿಸುತ್ತಾರೆ. ಕ್ರೈಸ್ತರ ಹೆಸರಲ್ಲೇ ಆಗಬೇಕು ಎಂಬ ನಿಯಮ ಇಲ್ಲ. ಬದುಕಿರುವವರಿಗೂ ಆಗುತ್ತದೆ, ತೀರಿಹೋದವರಿಗೂ ಆಗುತ್ತದೆ.

ಫರ್ಜಾನಾ, ಮಾಲೂರು

ಲೀಲಾ ಟೀಚರ್ ಬರೆದದ್ದು ನಿಜ. ನಮ್ಮ ಅಮ್ಮಿ ರಸೆಲ್ ಮಾರ್ಕೆಟ್‌ಗೆ ಹೋದಾಗ ಅಲ್ಲಿ ಹೊರಗೆ ಒಂದು ಮೇಣದಬತ್ತಿ ಹಚ್ಚದೆ ಬರುತ್ತಿರಲಿಲ್ಲ. ಮರಿಯಮ್ ಅವರ ಹೆಸರಲ್ಲಿ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆ. ನಮಗೂ ಅವರೆಂದರೆ ತುಂಬಾ ಗೌರವ. ನಿಮ್ಮ ಅಮ್ಮ ಧೈರ್ಯವಾಗಿ ಹೋಗಲಿ ಅಕ್ಕ.

ಕೋಲಾರದಿಂದ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲ. ಬಸ್ಸಲ್ಲಿ ಕೆ.ಆರ್. ಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿಯಿರಿ. ಎಂ.ಜಿ. ರೋಡ್ ಅಥವಾ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಆಟೊ ಮಾಡಿ. ಮೆಟ್ರೊದಲ್ಲಿ ಲಿಫ್ಟ್ ಇರುತ್ತದೆ, ಮಂಡಿ ನೋವಿನವರಿಗೆ ರೈಲು ಹತ್ತಿ ಇಳಿಯುವುದಕ್ಕಿಂತ ಅದೇ ಸುಲಭ. ಬಸ್ಸೇ ಬೇಕು ಅನ್ನುವುದಾದರೆ ಶಿವಾಜಿನಗರ ಬಸ್ ಸ್ಟ್ಯಾಂಡಿಂದ ಚರ್ಚಿಗೆ ನಡೆದೇ ಹೋಗಬಹುದು. ಆದರೆ ಆ ಬೀದಿಯಲ್ಲಿ ಗಾಡಿ, ಜನ ಜಾಸ್ತಿ. ಅಮ್ಮನ ಕೈ ಹಿಡಿದುಕೊಳ್ಳಿ.

ಶ್ರೀಲತಾ, ಕೋಲಾರ

ಎಲ್ಲರಿಗೂ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಲೀಲಾ ಟೀಚರ್ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸೆರಗಲ್ಲಿ ಕಣ್ಣು ಒರೆಸಿಕೊಂಡು "ಆ ಹುಡುಗಿಗೆ ಒಂದು ಪೂಜೆ ಕೊಡಿಸಬಹುದಾ ಕೇಳು" ಅಂದರು. ಹುಡುಗಿ ಅಂದರೆ ನಮ್ಮ ವಠಾರದ ಆ ಅಕ್ಕ. ಅವರು ಮನೆ ಖಾಲಿ ಮಾಡಿ ಹೋದ ಮೇಲೆ ತೀರಿಕೊಂಡರು ಅಂತ ಕೇಳಿದ್ದೆವು. ತಮ್ಮನ ಹೆಸರಲ್ಲಿ ಕೃತಜ್ಞತೆಗೆ ಒಂದು, ಆ ಅಕ್ಕನ ಆತ್ಮಕ್ಕೆ ಒಂದು ಎನ್ನುತ್ತಾರೆ. ಎರಡೂ ಆಗುತ್ತದಾ ಟೀಚರ್?

ಮತ್ತೆ, ಸೀರೆ ಜೊತೆ ಅರಿಶಿನ, ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟುಕೊಂಡಿದ್ದಾರೆ. ಬರೀ ಸೀರೆ ಕೊಡಬಾರದು, ಮಡಿಲು ತುಂಬಿದ ಹಾಗೆ ಕೊಡಬೇಕು ಅನ್ನುವುದು ಅವರ ಮಾತು. ತಮ್ಮನಿಗೆ ಮಂಡಿಯಲ್ಲಿ ರಜೆ ಸಿಗುವುದು ಕಷ್ಟ, ಬರದೇ ಇರಬಹುದು. ಅವನಿಗೆ ತೋರಿಸಲು ಫೋಟೊ ತೆಗೆಯಬಹುದಾ?

ಲೀಲಾ ಟೀಚರ್, ಬಂಗಾರಪೇಟೆ

ಎರಡೂ ಆಗುತ್ತದೆ. ಬೇರೆ ಬೇರೆ ದಿನಕ್ಕೆ ಬರೆಸಿ. ತೀರಿಹೋದವರಿಗೆ ಪೂಜೆ ಕೊಡಿಸುವುದು ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ಅವರ ಸ್ವಂತ ಮಕ್ಕಳು ಮರೆತಿದ್ದರೂ ನಿಮ್ಮ ಅಮ್ಮ ನೆನೆಸಿಕೊಂಡರಲ್ಲ, ನನಗೆ ಮಾತೇ ಬರುತ್ತಿಲ್ಲ. ಆ ಅಕ್ಕನ ದೀಕ್ಷಾಸ್ನಾನದ ಹೆಸರು ಅಮ್ಮನಿಗೆ ನೆನಪಿದ್ದರೆ ಅದನ್ನೇ ಬರೆಸಿ. ಇಲ್ಲದಿದ್ದರೆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರೋ ಅದೇ ಸಾಕು. ನವೆಂಬರ್ 2 ನಮ್ಮಲ್ಲಿ ಸತ್ತವರೆಲ್ಲರನ್ನೂ ನೆನೆಯುವ ದಿನ. ಆ ತಿಂಗಳಲ್ಲಿ ಹೋಗುವುದಾದರೆ ಅದೂ ಒಳ್ಳೆಯದೇ.

ಅರಿಶಿನ ಕುಂಕುಮ ಮನೆಯಲ್ಲೇ ಸೀರೆಗೆ ಹಚ್ಚಿ ಕೊಡಬೇಡಿ, ಕಲೆಯಾಗುತ್ತದೆ. ಪ್ರತಿಮೆಗೂ ಹಚ್ಚುವಂತಿಲ್ಲ. ಕಾಯಿ ಒಡೆಯುವ ಪದ್ಧತಿ ಇಲ್ಲ. ಸೀರೆ, ಬ್ಲೌಸ್ ಪೀಸ್, ಹೂವು ಇಷ್ಟು ತಟ್ಟೆಯಲ್ಲಿಟ್ಟು ಕೊಟ್ಟರೆ ಚೆನ್ನಾಗಿರುತ್ತದೆ. ಬಳೆ, ಕಾಯಿಯನ್ನು ಅಮ್ಮ ಹೊರಡುವ ದಿನ ಕೋಲಾರಮ್ಮನಿಗೇ ಕೊಟ್ಟು ಬರಲಿ. ಹೀಗೆ ಹೇಳಿದೆ ಎಂದು ಅಮ್ಮನಿಗೆ ನೋವಾಗದಂತೆ ತಿಳಿಸಿ.

ಪೂಜೆ ನಡೆಯುವಾಗ ಮೊಬೈಲ್ ಹೊರಗೆ ತೆಗೆಯಲೇಬೇಡಿ. ಮೊಣಕಾಲೂರಿ ಅಳುತ್ತಿರುವವರ ಮುಖಕ್ಕೆ ಮೊಬೈಲ್ ಹಿಡಿಯುವವರನ್ನು ನೋಡಿ ನಾನು ಎಷ್ಟೋ ಸಲ ನೊಂದುಕೊಂಡಿದ್ದೇನೆ. ಅಲ್ಲಿ ಒಬ್ಬೊಬ್ಬರೂ ಒಂದೊಂದು ಕಷ್ಟ ಹೊತ್ತು ಬಂದಿರುತ್ತಾರೆ. ಮಗಳ ಆಪರೇಷನ್ ಇರಬಹುದು, ಗಂಡನ ಕುಡಿತ ಇರಬಹುದು. ಹೊರಗೆ ಅಂಗಳದಲ್ಲಿ, ಗೋಪುರ ಕಾಣುವ ಹಾಗೆ ಅಮ್ಮನನ್ನು ನಿಲ್ಲಿಸಿ ತೆಗೆಯಿರಿ. ಆದರೂ ತಮ್ಮನನ್ನು ಬಿಡಬೇಡಿ. ಒಂದು ಭಾನುವಾರ ಮಂಡಿಯಲ್ಲಿ ಹೇಳಿ ಬರಲಿ. ಹರಕೆ ಅವನದೇ ಅಲ್ವಾ?

ರಮೇಶ್, ಮುಳಬಾಗಿಲು

ಟೀಚರ್ ಹೇಳಿದ್ದು ಒಪ್ಪುತ್ತೇನೆ. ಹರಕೆಯವರಿಗೆ ಪೂಜೆಯ ಹೊತ್ತೇ ಸರಿ. ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಇದ್ದು ಕಿಟಕಿಗಳನ್ನೂ ನೋಡಿ, ಅಷ್ಟು ಸಾಕು.

ಟೀಚರ್, ನನ್ನದೂ ಒಂದು ಪ್ರಶ್ನೆ. ಪೂಜೆ ಇಲ್ಲದ ಹೊತ್ತಲ್ಲಿ ನನ್ನಂಥವರು ಒಳಗೆ ಓಡಾಡುವಾಗ ಎಲ್ಲಿಗೆ ಹೋಗಬಾರದು? ಕೋಲಾರದ ಬೇರೆ ಚರ್ಚುಗಳಲ್ಲೂ ಇದೇ ಕ್ರಮವಾ?

ಲೀಲಾ ಟೀಚರ್, ಬಂಗಾರಪೇಟೆ

ರಮೇಶ್, ಪೀಠದ ಮೆಟ್ಟಿಲು ಹತ್ತಬೇಡಿ. ಅಲ್ಲಿ ಯಾವಾಗಲೂ ಒಂದು ಸಣ್ಣ ದೀಪ ಉರಿಯುತ್ತಿರುತ್ತದೆ. ಪರಮಪ್ರಸಾದ ಇಟ್ಟಿದೆ ಎಂದು ಅದರ ಅರ್ಥ. ಅದರ ಮುಂದೆ ದಾಟುವಾಗ ನಾವು ಒಂದು ಮೊಣಕಾಲು ಬಗ್ಗಿಸುತ್ತೇವೆ. ನೀವು ಒಂದು ಕ್ಷಣ ನಿಂತು ತಲೆ ಬಾಗಿಸಿ ಹೋದರೆ ಬಹಳ ಚೆನ್ನ. ಪಾಪನಿವೇದನೆಗೆಂದು ಮರದ ಗೂಡುಗಳಿರುತ್ತವೆ. ಒಳಗೆ ಯಾರೋ ಫಾದರ್ ಹತ್ತಿರ ಮನಸ್ಸು ಬಿಚ್ಚುತ್ತಿರಬಹುದು. ಹತ್ತಿರ ನಿಲ್ಲಬೇಡಿ, ಪರದೆ ಸರಿಸಿ ನೋಡಬೇಡಿ. ಮಧ್ಯಾಹ್ನ ಖಾಲಿ ಕಂಡರೂ ಮೂಲೆಯಲ್ಲಿ ಒಬ್ಬರಾದರೂ ಕೂತಿರುತ್ತಾರೆ. ಅವರಿಗೆ ಕೇಳದ ಹಾಗೆ ಮಾತಾಡಿ.

ಎಲ್ಲ ಚರ್ಚಿನಲ್ಲೂ ಒಂದೇ ಕ್ರಮ ಅಲ್ಲ. ಕೋಲಾರದವರಿಗೆ ಇ.ಟಿ.ಸಿ.ಎಂ. ಆಸ್ಪತ್ರೆ ಗೊತ್ತಲ್ಲ, ಅದನ್ನು ಕಟ್ಟಿದ್ದು ಪ್ರಾಟೆಸ್ಟೆಂಟ್ ಪಂಗಡದ ಮೆಥೊಡಿಸ್ಟ್ ಮಿಷನ್‌ನವರು. ಅವರ ಚರ್ಚಿನಲ್ಲಿ ಮಾತೆಯ ಪ್ರತಿಮೆ ಇರುವುದಿಲ್ಲ, ಸೀರೆ ಕೊಡುವ ಕ್ರಮವೂ ಇಲ್ಲ. ಅಲ್ಲಿ ಹಾಡು, ಪ್ರಾರ್ಥನೆ, ದೇವರ ವಾಕ್ಯದ ಮೇಲಿನ ಪ್ರಸಂಗವೇ ಮುಖ್ಯ. ಇನ್ನೊಂದು ಪ್ರಾಟೆಸ್ಟೆಂಟ್ ಸಭೆಯಾದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳಲ್ಲೂ ಪ್ರತಿಮೆಗೆ ಹರಕೆ ಇಲ್ಲ. ಅಲ್ಲಿ ಹೋಗಿ ಕಾಣಿಕೆ ಸೀರೆ ಎಲ್ಲಿ ಕೊಡಲಿ ಎಂದು ಕೇಳಿದರೆ ಅವರಿಗೂ ಮುಜುಗರ, ನಿಮಗೂ ಮುಜುಗರ. ಆದರೆ ಭಾನುವಾರ ಹೋಗಿ ಹಿಂದಿನ ಬೆಂಚಲ್ಲಿ ಕೂತು ಹಾಡು ಕೇಳುತ್ತೇನೆ ಅಂದರೆ ಅಲ್ಲೂ ಸಂತೋಷದಿಂದ ಜಾಗ ಕೊಡುತ್ತಾರೆ.

ಶ್ರೀಲತಾ, ಹೊರಡುವ ಭಾನುವಾರ ಗೊತ್ತಾದರೆ ಇಲ್ಲಿ ಬರೆಯಿರಿ. ಆಗುವುದಾದರೆ ನಾನೂ ಬರುತ್ತೇನೆ, ಬಾಗಿಲ ಹತ್ತಿರ ಇರುತ್ತೇನೆ. ಅಮ್ಮ ಉಪವಾಸ ಇರಬೇಕಾ ಎಂದು ನೀವು ಕೇಳಲಿಲ್ಲ, ಆದರೆ ಹರಕೆ ಎಂದ ಮೇಲೆ ಅವರು ಇದ್ದೇ ಇರುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಬೇಡ ಎಂದು ಹೇಳಿ. ಪರಮಪ್ರಸಾದ ತೆಗೆದುಕೊಳ್ಳುವ ನಮಗೇ ಒಂದು ಗಂಟೆ ಮುಂಚಿನಿಂದ ತಿನ್ನದಿದ್ದರೆ ಸಾಕು ಎಂಬ ನಿಯಮ. ಕೋಲಾರದಿಂದ ಬೆಳಿಗ್ಗೆಯೇ ಹೊರಡಬೇಕು. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡೇ ಬಸ್ಸು ಹತ್ತಲಿ. ನೀರಿನ ಬಾಟಲ್ ಜೊತೆಗಿರಲಿ.